ಜೇಬಿನೊಳಗಿನ ಹಾಜರಿ

ಇಯರ್‌ಫೋನಿನ ವೈರನ್ನು ಅಂಗಿಯ ತೋಳಿನೊಳಗಿಂದ ಎಳೆದು ಅಂಗೈಗೆ ತಂದುಕೊಂಡ ಮೇಷ್ಟ್ರು, ತಲೆನೋವು ಬಂದವರಂತೆ ಆ ಕೈಯನ್ನು ಕಿವಿಗೆ ಒತ್ತಿಕೊಂಡರು. ಈ ಉಪಾಯ ಕಲಿತದ್ದು ಹೋದ ವರ್ಷ ತಾವೇ ಹಿಡಿದುಹಾಕಿದ ವಿದ್ಯಾರ್ಥಿಯೊಬ್ಬನಿಂದ. ಎದುರಿಗೆ ಏಳು ಸಾಲು, ಸಾಲಿಗೆ ಆರು ಮೇಜು. ಭೌತಶಾಸ್ತ್ರದ ಪರೀಕ್ಷೆ ಶುರುವಾಗಿ ಐವತ್ತು ನಿಮಿಷವಾಗಿತ್ತು. ಇನ್ನು ಎಪ್ಪತ್ತು ನಿಮಿಷ ಅವರು ಈ ಕೊಠಡಿ ಬಿಟ್ಟು ಕದಲುವಂತಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ. ಕಿವಿಯೊಳಗೆ, ಸಮುದ್ರದ ಆಚೆ, ಅವರ ಗೆಳೆಯನನ್ನು ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸುತ್ತಿದ್ದರು.

"ಲೇ ಮೇಷ್ಟ್ರೇ, ಕುರ್ಚಿ ಹಾಕ್ಬೇಕು. ನಿನ್ನನ್ನ ಜೇಬಲ್ಲಿ ಇಟ್ಕೋತೀನಿ. ಕಟ್ ಮಾಡ್ಬೇಡ, ಕೇಳಿಸ್ಕೋತಾ ಇರು," ಎಂದ ಅಲ್ಲಿಂದ ಫೋನ್ ಹಿಡಿದಿದ್ದ ಇನ್ನೊಬ್ಬ ಗೆಳೆಯ, ಟೈಲರ್. ಆಮೇಲೆ ಬಟ್ಟೆ ಉಜ್ಜುವ ಸದ್ದು.

ಮೇಷ್ಟ್ರು ರಜೆ ಕೇಳಿದ್ದರು. ಅರ್ಜಿಯಲ್ಲಿ ಮೃತರ ಸಂಬಂಧ ಗುರುತಿಸಲು ನಾಲ್ಕೇ ಚೌಕ: ತಂದೆ, ತಾಯಿ, ಸಂಗಾತಿ, ಮಗು. ಐದನೆಯದನ್ನು ತಾವೇ ಎಳೆದು, ಪಕ್ಕದಲ್ಲಿ 'ಗೆಳೆಯ' ಎಂದು ಬರೆದಿದ್ದರು. ಕಚೇರಿಯಾಕೆ ಅದನ್ನು ನೋಡಿ, ಬಹಳ ಮರ್ಯಾದೆಯಿಂದಲೇ, ಹೊಸ ಫಾರಂ ಕೊಟ್ಟಿದ್ದಳು.

"ಇಪ್ಪತ್ತಾರು ವರ್ಷ ಬೀದಿ ಬೀದಿ ಸುತ್ತಿ ಮೀಟರ್ ಓದ್ದ," ಯಾರೋ ನೆರೆಯವರು ಹೇಳುತ್ತಿದ್ದರು. "ಎಷ್ಟು ನಾಯಿ ಕಚ್ಚಿದ್ವು ಅಂತ ಬರೆದಿಟ್ಟಿದ್ದ, ಗೊತ್ತಾ? ಐದು."

"ಆರು," ಎಂದ ಟೈಲರ್. "ಆರನೇದು ನಮ್ಮನೇದು. ನನ್ನ ಮರ್ಯಾದೆ ಹೋಗುತ್ತೆ ಅಂತ ಬರ್ಕೊಂಡಿರ್ಲಿಲ್ಲ."

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.

*

ವಿದ್ಯುತ್ ಕಚೇರಿಯ ಮೀಟರ್ ರೀಡರ್ ಆಗಿದ್ದವನನ್ನು ಗೆಳೆಯರು ಕರೆಯುತ್ತಿದ್ದದ್ದೂ ಮೀಟರ್ ಅಂತಲೇ. ಮೇಷ್ಟ್ರು ಪಾಠ ಹೇಳಲು ಪರದೇಶಕ್ಕೆ ಬಂದು ಹತ್ತೊಂಬತ್ತು ವರ್ಷ. ಅಷ್ಟೂ ವರ್ಷ ಭಾನುವಾರ ತಪ್ಪದೆ ಫೋನ್ ಮಾಡಿದವನು ಅವನೊಬ್ಬನೇ. ಉಳಿದವರ ಸುದ್ದಿಯನ್ನೂ ಅವನೇ ತರುತ್ತಿದ್ದ, ತನ್ನದೇ ರೀತಿಯಲ್ಲಿ.

"ಟೈಲರ್ ಮನೇಲಿ ಈ ತಿಂಗಳು ನಲವತ್ತು ಯೂನಿಟ್ ಜಾಸ್ತಿ ಕಣೋ. ಮಗಳು ತವರಿಗೆ ಬಂದಿದಾಳೆ. ಅವನು ಬಾಯಿ ಬಿಡಲ್ಲ, ಮೀಟರ್ ಚಕ್ರ ಬಿಡುತ್ತೆ."

ಮೊದಮೊದಲು ಮೇಷ್ಟ್ರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ಕೆದಕಿ ಕೆದಕಿ ಕೇಳುತ್ತಿದ್ದರು. "ಬಂದ್ಬಿಡೋ, ಸಾಕು," ಎಂದು ಅವನಂದರೆ, "ಈ ವರ್ಷ ಒಂದು ಮುಗೀಲಿ," ಎಂದು ಇವರು. ಆಮೇಲೆ ಶಾಲೆಯಲ್ಲಿ ಕಾಂಟ್ರಾಕ್ಟನ್ನು ವರ್ಷವರ್ಷವೂ ನವೀಕರಿಸುವ ಪದ್ಧತಿ ಬಂತು, ತರಗತಿಗಳು ಹೆಚ್ಚಿದವು, ಉತ್ತರಪತ್ರಿಕೆಗಳ ಕಟ್ಟು ಭಾನುವಾರಕ್ಕೂ ಮನೆಗೆ ಬಂತು. ಫೋನನ್ನು ಲೋಟಕ್ಕೆ ಒರಗಿಸಿ, ಕೆಂಪು ಪೆನ್ನು ಹಿಡಿದು, ನಡುನಡುವೆ "ಹ್ಞೂಂ" ಅನ್ನುವುದು ರೂಢಿಯಾಯಿತು. ತಿದ್ದಿದ ಒಂದು ಉತ್ತರಕ್ಕೆ ಒಂದು ಹ್ಞೂಂ. ಅತ್ತಲಿನ ಮಾತು ಅದರಿಂದ ನಿಲ್ಲುತ್ತಿರಲಿಲ್ಲ. ಸ್ನೇಹ ಚಾಲ್ತಿಯಲ್ಲಿದೆ ಎಂದು ಇಬ್ಬರಿಗೂ ಅನ್ನಿಸಲು ಅಷ್ಟು ಸಾಕಾಗಿತ್ತು.

*

"ಆಪರೇಷನ್‌ಗೆ ದಿನ ಕೊಟ್ಟಿದ್ರಲ್ಲ ಡಾಕ್ಟ್ರು, ನಾಲ್ಕು ತಿಂಗಳ ಹಿಂದೇನೇ," ಈಗ ಮೀಟರಿನ ಅಕ್ಕನ ಧ್ವನಿ. "ಹೆಂಡ್ತಿ ಅಂತ ಇದ್ದು ನೀನು ಒಂದು ಮಾತು ಜೋರಾಗಿ ಹೇಳ್ಬಾರ್ದಿತ್ತಾ?"

"ಹೇಳ್ದೆ ಅತ್ತಿಗೆ. ಜಗಳಾನೂ ಆಡ್ದೆ. 'ಎದೆ ಕೊಯ್ಸೋದು ಬೇಡ, ಬಿಟ್ಬಿಡ್ಲಾ ಅಂತ ಮೇಷ್ಟ್ರನ್ನ ಕೇಳ್ದೆ, ಹ್ಞೂಂ ಅಂದ. ವಿಜ್ಞಾನ ಓದಿದೋನು ಅವನು. ಅವನಿಗಿಂತ ನೀನು ಹೆಚ್ಚಾ?' ಅಂದ್ರು. ನನ್ನ ಬಾಯಿ ಕಟ್ಟೋಯ್ತು."

ಮೇಜುಗಳ ನಡುವೆ ನಡೆಯುತ್ತಿದ್ದ ಮೇಷ್ಟ್ರು ನಿಂತರು. ನಾಲ್ಕು ತಿಂಗಳ ಹಿಂದೆ. ಅರ್ಧವಾರ್ಷಿಕ ಪರೀಕ್ಷೆ, ನೂರ ಹನ್ನೆರಡು ಪತ್ರಿಕೆ. ಯಾರು ಯಾವ ಲೆಕ್ಕದಲ್ಲಿ ಏಕಮಾನ ಬರೆಯಲು ಮರೆತಿದ್ದರು ಎಂಬುದು ಕೂಡ ನೆನಪಿತ್ತು. ಗೆಳೆಯ ಹೇಳಿದ್ದರಲ್ಲಿ ಒಂದಕ್ಷರವೂ ನೆನಪಿರಲಿಲ್ಲ.

"ಮೇಷ್ಟ್ರು ಹಾಗನ್ನೋರಲ್ಲ ಬಿಡು," ಎಂದಳು ಅಕ್ಕ. "ಹೆದರ್ಕೊಂಡು ಇವನೇ ಸುಳ್ಳು ಹೇಳಿರ್ತಾನೆ. ಚಿಕ್ಕೋನಿದ್ದಾಗ ಸೂಜಿ ಅಂದ್ರೆ ಅಟ್ಟ ಹತ್ತೋನು."

"ನನ್ ಹತ್ರ ಸುಳ್ಳು ಹೇಳಿದ್ರಾ ಹಾಗಾದ್ರೆ? ಸಾಯೋ ವಿಷಯದಲ್ಲಿ?"

ಟೈಲರ್ ಕೆಮ್ಮಿದ. "ಮೇಷ್ಟ್ರನ್ನೇ ಕೇಳಮ್ಮ. ಲೈನಲ್ಲೇ ಇದಾನೆ. ನನ್ ಜೇಬಲ್ಲಿ."

ಬಟ್ಟೆಯ ಸದ್ದು ಹೋಗಿ ಮನೆಯೊಳಗಿನ ಗುಜುಗುಜು ಒಮ್ಮೆಲೇ ತೆರೆದುಕೊಂಡಿತು.

"ಅಣ್ಣಾ." ತೀರ ಹತ್ತಿರದಲ್ಲಿ, ಅವಳ ಉಸಿರು. "ಗಾಡಿ ಬಂದುಬಿಟ್ಟಿದೆ. ಇವರನ್ನ ಎತ್ತೋಕೆ ಮುಂಚೆ ನನಗೆ ಗೊತ್ತಾಗ್ಬೇಕು. ನೀವು ಹ್ಞೂಂ ಅಂದಿದ್ರಾ? ಇಲ್ಲ, ನನ್ನ ಬಾಯಿ ಮುಚ್ಸೋಕೆ ಅವರೇ ನಿಮ್ಮ ಹೆಸರು ತಗೊಂಡ್ರಾ?"

ಮೇಷ್ಟ್ರ ಫೋನಿನ ಮೈಕ್ ಬಂದ್ ಆಗಿತ್ತು. ಸುಮ್ಮನಿದ್ದರೆ ಆಯಿತು. ಹೋದವನ ಮೇಲೆ ಒಂದು ಸುಳ್ಳು ಉಳಿಯುತ್ತದೆ, ಅವನೇನೂ ಜಗಳಕ್ಕೆ ಬರುವುದಿಲ್ಲ. ಬಾಗಿಲ ಗಾಜಿನ ಆಚೆ ಮೇಲ್ವಿಚಾರಕಿ ನಿಧಾನವಾಗಿ ದಾಟಿದಳು. ಕಾಂಟ್ರಾಕ್ಟಿನ ನವೀಕರಣ ಬರುವ ತಿಂಗಳು.

"ಅಣ್ಣಾ? ... ಇಲ್ಲ, ಮಾತಾಡ್ತಿಲ್ಲ ಇವರು."

"ಕಟ್ ಆಗಿರ್ಬೇಕು. ಕೊಡಿಲ್ಲಿ. ಹೊತ್ತಾಯ್ತು, ಎತ್ತೋಣ," ಎಂದ ಟೈಲರ್.

ಮೇಷ್ಟ್ರು ಫೋನನ್ನು ಹೊರತೆಗೆದು, ನಲವತ್ತೆರಡು ತಲೆಗಳ ಎದುರಿಗೇ ಮೈಕ್ ಒತ್ತಿದರು.

"ಅವನು ಸುಳ್ಳು ಹೇಳಿಲ್ಲ ತಂಗಿ. ಹ್ಞೂಂ ಅಂದೆ. ಅವನು ಏನು ಕೇಳ್ದ ಅಂತ ನಾನು ಕೇಳಿಸ್ಕೊಂಡೇ ಇರ್ಲಿಲ್ಲ. ಪೇಪರ್ ತಿದ್ತಾ ಇದ್ದೆ."

ತಮ್ಮ ಧ್ವನಿಗೆ ತಾವೇ ಬೆಚ್ಚಿದರು. ಆ ಕಡೆ ಲೈನ್ ಇನ್ನೂ ಇತ್ತು; ಗಾಡಿಯ ಎಂಜಿನ್ ಸದ್ದು ಕೇಳಿಸುತ್ತಿತ್ತು.

ಕೊಠಡಿಯಲ್ಲಿ ಬರೆಯುವ ಸದ್ದು ನಿಂತಿತ್ತು. ಅವರಾಡಿದ ಭಾಷೆ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಪರೀಕ್ಷೆ ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು. ಮೊದಲ ಸಾಲಿನ ಹುಡುಗಿ ಮೇಷ್ಟ್ರ ಮುಖ ನೋಡಿದಳು, ಅರ್ಧಕ್ಕೆ ನಿಂತ ತನ್ನ ಸಮೀಕರಣ ನೋಡಿದಳು, ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಕೈಕಟ್ಟಿ, ತಲೆ ತಗ್ಗಿಸಿ ಕೂತಳು. ಅವಳ ಹಿಂದಿನವನೂ ಪೆನ್ನು ಇಟ್ಟ. ಆಮೇಲೆ ಅವನ ಪಕ್ಕದವಳು. ಆಮೇಲೆ ಸಾಲು ಸಾಲಾಗಿ, ಒಬ್ಬೊಬ್ಬರೇ.