ಹೇಳದೆ ಬಚ್ಚಿಟ್ಟುಕೊಂಡ ಮಾತು

ಶಿರಾದ ಕಡಲೆಕಾಯಿ ಮಿಲ್ಲಿನ ಅಂಗಳದಲ್ಲಿ ಬೀಜ ಆರಿಸುವ ಹೆಂಗಸರ ನಡುವೆ ಕೂತಿದ್ದರೂ ಪುಟ್ಟಕ್ಕನ ಕಣ್ಣು ಹೊಂಗೆಮರದ ಕೆಳಗೇ ಇರುತ್ತಿತ್ತು. ಸಂಜೆ ನಾಲ್ಕೂವರೆಗೆ ಶಾಲೆ ಮುಗಿಸಿ ಚಿಕ್ಕಹನುಮಕ್ಕ ಟೀಚರು ಅಲ್ಲಿಗೆ ಬಂದು, ಅನಂತಪುರದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಟೀಚರಿಗೆ ತೆಲುಗು ಬಾರದು. ಮೊರವನ್ನು ಎತ್ತಿ ತೋರಿಸಿ "ಮೊರ" ಅನ್ನಬಹುದು. "ನೆನಪು" ಅನ್ನುವುದನ್ನು ಎತ್ತಿ ತೋರಿಸುವುದು ಹೇಗೆ? ಆಗ ಮಕ್ಕಳೆಲ್ಲ ಪುಟ್ಟಕ್ಕನತ್ತ ತಿರುಗುತ್ತಿದ್ದರು. ಆಂಧ್ರದ ಗಡಿಯ ಪಾವಗಡದಲ್ಲಿ ಹುಟ್ಟಿದ ಪುಟ್ಟಕ್ಕ ತಲೆ ಎತ್ತದೆ, ಬೀಜ ಆರಿಸುತ್ತಲೇ ಅದನ್ನು ತೆಲುಗಿನಲ್ಲಿ ಹೇಳುತ್ತಿದ್ದಳು.

ಅವಳು ಓದಿದ್ದು ಮೂರನೇ ಕ್ಲಾಸು. ತಮ್ಮನನ್ನು ಎತ್ತಿಕೊಳ್ಳಲೆಂದು ಶಾಲೆ ಬಿಡಿಸಿದಾಗ ಯಾವ ಮೇಷ್ಟರೂ ಮನೆಬಾಗಿಲಿಗೆ ಬಂದು ಕೇಳಲಿಲ್ಲ. ಈಗ ನೋಡಿದರೆ, ನಿನ್ನೆ ಮೊನ್ನೆ ಬಂದ ಕೊಲ್ಲಾಪುರಮ್ಮ ಎಂಬ ಎಂಟು ವರ್ಷದ ಹುಡುಗಿಯ ಸಿಕ್ಕುಗಟ್ಟಿದ ತಲೆಯನ್ನು ಟೀಚರೇ ಸವರುತ್ತಾರೆ. "ಜಾಣೆ ಕಣಮ್ಮ ನೀನು" ಅನ್ನುತ್ತಾರೆ. ಅದು ಕಿವಿಗೆ ಬಿದ್ದಾಗಲೆಲ್ಲ ಪುಟ್ಟಕ್ಕನ ಹೊಟ್ಟೆ ಉರಿಯುತ್ತಿತ್ತು.

ಗುರುವಾರ ಟೀಚರು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಶನಿವಾರ ಶಾಲೆಗೆ ಸೇರ್ಸೋಕೆ ಕಡೇ ದಿನ. ಬೆಳಿಗ್ಗೇನೇ ಕೊಲ್ಲಾಪುರಮ್ಮನ್ನ ಕರ್ಕೊಂಡ್ ಬಾ ಅಂತ ಅವರವ್ವಂಗೆ ತೆಲುಗಲ್ಲಿ ಹೇಳ್ಬುಡು."

ಪುಟ್ಟಕ್ಕ ಹೂಂ ಅಂದಳು. ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಹುಡುಗಿಯ ಕೈ ಹಿಡಿದು ಅವಳ ತಾಯಿಯೇ ಬಂದು, "ಟೀಚರಮ್ಮ ಏಮನ್ನಾ ಚೆಪ್ಪಿಂದಾ?" ಎಂದು ವಿಚಾರಿಸಿದಳು. ಟೀಚರು ಏನೂ ಹೇಳಿಲ್ಲವೆಂದು ಪುಟ್ಟಕ್ಕ ತಲೆಯಾಡಿಸಿದಳು.

ಪಕ್ಕದಲ್ಲಿದ್ದ ರಂಗಕ್ಕ ಕಿಸಕ್ಕನೆ ನಕ್ಕಳು. "ಅಂಗಾದ್ರೆ ಮೊನ್ನೆ ಅಷ್ಟೊತ್ತು ನಿನ್ ಕಿವೀಲಿ ಊದಿದ್ದೇನಮ್ಮೀ, ನಿಂಗೆ ಗಂಡು ಗೊತ್ತಾಗೈತೆ ಅಂತಾ?"

ಕೊಲ್ಲಾಪುರಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ತಿಳಿಯದ ಮಾತು ಬಂದಾಗಲೆಲ್ಲ ಮಾಡುವಂತೆ ಅವಳು ಪುಟ್ಟಕ್ಕನ ಮುಖ ನೋಡುತ್ತಾ ಅರ್ಥಕ್ಕಾಗಿ ಕಾದಳು. ಪುಟ್ಟಕ್ಕ ಮೊರವನ್ನು ಕುಕ್ಕಿ ಎದ್ದಳು. "ಏನೇ ಅಂಗ್ ನೋಡ್ತೀಯಾ? ನಡಿ!" ಎಂದು ಗದರಿ, ತಾಯಿಗೆ ತೆಲುಗಿನಲ್ಲಿ ಸಂಗತಿ ಹೇಳಿ, ಹುಡುಗಿಯ ರಟ್ಟೆ ಹಿಡಿದು ಶಾಲೆಯವರೆಗೂ ಎಳೆದುಕೊಂಡೇ ಹೋದಳು.

ಹೆಡ್‌ಮೇಷ್ಟರು ತಿಮ್ಮರಾಯಪ್ಪ ಕೇಳಿದ್ದಕ್ಕೆಲ್ಲ ಹುಡುಗಿ ಕನ್ನಡದಲ್ಲೇ ಉತ್ತರ ಕೊಟ್ಟಳು. "ಭೇಷ್! ಯಾರಮ್ಮ ಕಲಿಸಿದ್ದು?" ಅಂದಾಗ ಟೀಚರತ್ತ ಬೆರಳು ಮಾಡಿದಳು. ಪುಟ್ಟಕ್ಕ ಸರಕ್ಕನೆ ಜಗುಲಿಗೆ ಬಂದುಬಿಟ್ಟಳು.

ಟೀಚರು ಹಿಂದೆಯೇ ಬಂದರು. "ಯಾಕಿಷ್ಟು ತಡ ಆಯ್ತು?"

"ನಾನು ಹೇಳಿರ್ಲಿಲ್ಲ. ಬೇಕೂಂತ್ಲೇ."

"ಯಾಕ್ ಪುಟ್ಟಕ್ಕ?"

"ನಾನ್ ಬಿಟ್ಟಾಗ ಯಾರೂ ಹುಡುಕ್ಕೊಂಡ್ ಬರ್ಲಿಲ್ಲ."

ಕಿಟಕಿಯೊಳಗೆ ಕೊಲ್ಲಾಪುರಮ್ಮ ಎರಡನೇ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂರುತ್ತಿದ್ದಳು. ಅವಳು ಪೂರ್ತಿ ಕೂರುವವರೆಗೂ ಪುಟ್ಟಕ್ಕ ನೋಡಿದಳು. ಹುಡುಗಿ ಇತ್ತ ತಿರುಗುವುದರೊಳಗೆ ಮಿಲ್ಲಿನ ದಾರಿ ಹಿಡಿದಳು.