ತಂಗೆವ್ವ ಬರೆದ ಕಿವಿ

ತಂಗೆವ್ವ ಬರೆದ ಕಿವಿ ಕಿವಿಯ ಹಾಗೆ ಕಾಣುತ್ತಿರಲಿಲ್ಲ. ಹಾಳೆಯನ್ನು ಗೋಡೆಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವಳಿಗೇ ಅನುಮಾನ ಬಂತು. ಮೇಲಿನ ಸುತ್ತು ದಪ್ಪವಾಗಿತ್ತು, ಕೆಳಗಿನ ತುದಿ ಚೂಪಾಗಿತ್ತು. ಸೀರೆ ನೇಯುವ ಬನಹಟ್ಟಿಯ ಹೆಂಗಸರಿಗೆ ಅಂಥ ಆಕಾರ ತೋರಿಸಿದರೆ ಅವರು ಹೇಳುವುದು ಒಂದೇ.

"ಮಾವಿನಕಾಯಿ ಬುಟ್ಟಾ," ಎಂದಳು ಕಾವ್ಯ, ಎಲ್ಲರಿಗಿಂತ ಚಿಕ್ಕವಳು. "ಈಗೀಗ ಇದನ್ನ ಯಾರ್ ನೇಯ್ತಾರ, ಚಿಗವ್ವಾ?"

ಎಲ್ಲರೂ ನಕ್ಕರು. ತಂಗೆವ್ವನ ಗೆಳತಿ ಮುತ್ತವ್ವನೂ ನಕ್ಕಳು. ತಂಗೆವ್ವನನ್ನು ಬಿಟ್ಟರೆ ಅದು ಕಿವಿ ಎಂದು ಆ ಸಮುದಾಯ ಭವನದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಮಗ್ಗಗಳಿಗೆ ರಜೆಯಿದ್ದ ದಿನ ಕಂಡಿಕೆ ಸುತ್ತುವ ಹದಿನಾಲ್ಕು ಹೆಂಗಸರು ಅಲ್ಲಿ ಸೇರುತ್ತಿದ್ದರು. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ಮಶೀನಿನಲ್ಲಿ ನೂಲು ಸುತ್ತುವುದು ಅವರ ಕೆಲಸ. ಸಭೆಗೆ ಅಧ್ಯಕ್ಷರಿಲ್ಲ, ಆದ್ದರಿಂದ ಅಧ್ಯಕ್ಷರಿಗಾಗಿ ಕಾಯುವ ಕಷ್ಟವಿಲ್ಲ. ಹಾರವಿಲ್ಲ, ಆದ್ದರಿಂದ ಮುಂದೆ ಬಾಗುವ ಕುತ್ತಿಗೆಗಳೂ ಇಲ್ಲ. ಜಮಖಂಡಿಯ ಸಂಸ್ಥೆಯೊಂದರಿಂದ ಬಂದಿದ್ದ ವೈಶಾಲಿ ಎಂಬ ಹುಡುಗಿ ಕಲಿಸಿಕೊಟ್ಟ ಪದ್ಧತಿ ಅದು. ಮಾತಾಡುವ ವಿಷಯ ಇದ್ದವರು ಒಂದು ಹಾಳೆಯ ಮೇಲೆ ಬರೆದೋ ಚಿತ್ರ ತೆಗೆದೋ ಗೋಡೆಗೆ ಅಂಟಿಸಿ, ಅದರ ಕೆಳಗೆ ಚಾಪೆ ಹಾಸಿ ಕೂರಬೇಕು. ಬೇಕಾದವರು ಬಂದು ಕೂರುತ್ತಾರೆ. ಬೇಸರವಾದರೆ ಎದ್ದು ಇನ್ನೊಂದು ಚಾಪೆಗೆ ಹೋಗುತ್ತಾರೆ. ಯಾಕೆ ಬಂದಿ, ಯಾಕೆ ಹೋದಿ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ನೀರು ತರಲು ಹೋದರೂ ಇಷ್ಟೊತ್ತು ಎಲ್ಲಿದ್ದಿ ಎಂದು ಕೇಳಿಸಿಕೊಳ್ಳುವ ಹೆಂಗಸರಿಗೆ ಈ ಕಾನೂನು ಬಹಳ ಹಿಡಿಸಿತು. ನಿಮ್ಮ ಕಾಲು ನಿಮ್ಮ ಸ್ವಂತದ್ದು, ಅದು ಎಲ್ಲಿಗೆ ಹೋಗುತ್ತದೆ ಎಂಬ ಜವಾಬ್ದಾರಿಯೂ ನಿಮ್ಮದೇ ಎಂದು ವೈಶಾಲಿ ಹೇಳಿದ್ದಳು. ಅವಳು ಮುಧೋಳದ ಕಡೆ ಹೋದ ಮೇಲೆ ಆ ಮಾತಿನ ಮೊದಲರ್ಧ ಎಲ್ಲರಿಗೂ ಬಾಯಿಪಾಠವಾಗಿ ಉಳಿಯಿತು.

ಹದಿನೈದು ದಿನದ ಹಿಂದೆ ಮುತ್ತವ್ವ ತಂಗೆವ್ವನನ್ನು ಜಮಖಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಇಪ್ಪತ್ತಾರು ವರ್ಷ ಮಗ್ಗದ ಸದ್ದು ಕುಡಿದ ಕಿವಿಗಳು, ಎರಡೂ ಹೋಗಿವೆ, ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಕಾರ್ಖಾನೆಯಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ. ನಲವತ್ತು ಮಗ್ಗಗಳು ಬಡಿಯುವಲ್ಲಿ ಯಾರ ಮಾತು ಯಾರಿಗೆ ಕೇಳುತ್ತದೆ? ಅಲ್ಲಿ ಎಲ್ಲರದೂ ಕೈಸನ್ನೆ, ತುಟಿಸನ್ನೆ. ಅದರಲ್ಲಿ ತಂಗೆವ್ವನಷ್ಟು ವಾಚಾಳಿ ಇನ್ನೊಬ್ಬಳಿರಲಿಲ್ಲ. ಸೊಸೆಯ ಸಿಟ್ಟು, ಕಾರ್ಖಾನೆಯ ಸಾವಕಾರ ಗಿರಿಮಲ್ಲಪ್ಪನ ಹೊಟ್ಟೆ, ಎಲ್ಲವನ್ನೂ ಹತ್ತು ಬೆರಳಲ್ಲಿ ಹೇಳಿ ನಗಿಸುತ್ತಿದ್ದಳು. ಮಗ್ಗ ನಿಂತ ದಿನ ಮಾತ್ರ ಅವಳು ಕಿವುಡಿ.

ಬಸ್ಸಿನಲ್ಲಿ ಬರುವಾಗ ಅವಳೇ ಉಪಾಯ ಹೇಳಿದ್ದಳು. ಕಂಡಿಕೆ ಮಶೀನುಗಳನ್ನೆಲ್ಲ ಬಂದ್ ಮಾಡುವ ಸ್ವಿಚ್ಚು ಇರುವುದು ಅವಳ ಪಕ್ಕದಲ್ಲೇ.

"ನನ್ನ ಎದುರಿಗೆ ಒಂದು ಕೆಂಪು ಬಲ್ಬ್ ಹಾಕ್ಸಬೇಕು. ಯಾರಿಗೇನರ ಆದ್ರ ಅವ್ರು ಗುಂಡಿ ಒತ್ತೂದು, ನಾ ನೋಡಿ ಬಂದ್ ಮಾಡೂದು. ಒಬ್ಬಾಕಿ ಕೇಳಿದ್ರ ಸಾವಕಾರ ಮನಿಗೆ ಕಳಸ್ತಾನ. ನಾಕು ಮಂದಿ ಕೇಳಿದ್ರ ಬಲ್ಬ್ ಹಾಕಸ್ತಾನ. ಭವನದಾಗ ಕಿವಿ ಚಿತ್ರ ಅಂಟಸ್ತೀನಿ, ನೀ ಮೊದ್ಲ ಬಂದು ಕುಂದ್ರು ಬೇ, ಉಳದವ್ರು ತಾವs ಬರ್ತಾರ."

ಮುತ್ತವ್ವ ಬರುತ್ತೇನೆಂದು ತಲೆಯಾಡಿಸಿದ್ದಳು.

ಆದರೆ ಭವನದ ಆಚೆ ಗೋಡೆಗೆ ಇನ್ನೊಂದು ಹಾಳೆ ಇತ್ತು. ಅದರಲ್ಲಿ ಬಸ್ಸಿನ ಚಿತ್ರ, ಪಂಢರಪುರಕ್ಕೆ ಹೋಗುವ ವಿಚಾರ. ಆ ಬಸ್ಸು ಬಸ್ಸಿನ ಹಾಗೆಯೇ ಕಾಣುತ್ತಿತ್ತು. ಕಿಟಕಿಯ ಪಕ್ಕ ಯಾರು ಎಂಬ ಜಗಳ ಆಗಲೇ ಶುರುವಾಗಿತ್ತು. ಮುತ್ತವ್ವ ಎರಡು ಗೋಡೆಗಳ ನಡುವೆ ಸ್ವಲ್ಪ ಹೊತ್ತು ನಿಂತಳು. ಒಂದು ವರ್ಷದಿಂದ ಅವಳು ಫೋನನ್ನು ಬಲಗಿವಿಗೆ ಮಾತ್ರ ಹಿಡಿಯುತ್ತಿದ್ದಳು. ಎಡಗಿವಿ ಮಂದವಾದ ವಿಷಯವನ್ನು ಡಾಕ್ಟರಿಗೂ ಹೇಳಿರಲಿಲ್ಲ, ತಂಗೆವ್ವನಿಗೂ ಹೇಳಿರಲಿಲ್ಲ. ಆ ಚಾಪೆಯ ಮೇಲೆ ಕೂತರೆ ಯಾರಾದರೂ ಮತ್ತ ನಿಂದು ಹೆಂಗೈತಿ ಎಂದು ಕೇಳುತ್ತಾರೆ. ಅವಳು ಬಸ್ಸಿನ ಕೆಳಗೆ ಹೋಗಿ ಕೂತಳು.

ತಂಗೆವ್ವ ದಾಟಿ ಹೋಗುವವರ ಮುಖ ಒಂದೊಂದಾಗಿ ನೋಡುತ್ತಿದ್ದಳು. ಆಮೇಲೆ ಚಾಪೆಯ ಅಂಚನ್ನು ನೋಡತೊಡಗಿದಳು. ಅರ್ಧ ಗಂಟೆಯಾದ ಮೇಲೆ ಎದ್ದು, ಹಾಳೆ ಕಿತ್ತು, ನಾಲ್ಕಾಗಿ ಮಡಚಿ ಎಲೆಅಡಿಕೆ ಸಂಚಿಯಲ್ಲಿಟ್ಟುಕೊಂಡು ಹೊರಟಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಕಾನೂನು ಅಷ್ಟು ಚೊಕ್ಕಟವಾಗಿ ನಡೆದದ್ದು ಅದೇ ಮೊದಲು.

ಅದಾದ ಒಂಬತ್ತನೆಯ ದಿನ ಕಾವ್ಯಳ ಸೆರಗು ಮಶೀನಿನ ಬೆಲ್ಟಿಗೆ ಸಿಕ್ಕಿತು. ಅವಳ ಚೀರಾಟಕ್ಕೆ ದೂರದ ಮಗ್ಗದವರೂ ತಿರುಗಿದರು. ಸ್ವಿಚ್ಚಿನ ಪಕ್ಕದಲ್ಲಿದ್ದ ತಂಗೆವ್ವ ಬೆನ್ನು ಹಾಕಿ ಕೂತು ಹರಿದ ಎಳೆಗೆ ಗಂಟು ಹಾಕುತ್ತಿದ್ದಳು. ಮುತ್ತವ್ವ ಓಡಿ ಬಂದು ಬಂದ್ ಮಾಡುವಷ್ಟರಲ್ಲಿ ಸೀರೆ ಉದ್ದಕ್ಕೆ ಸೀಳಿಹೋಗಿ, ಹುಡುಗಿಯ ಮುಂಗೈ ತರಚಿತ್ತು.

ಗಿರಿಮಲ್ಲಪ್ಪ ಬೈಯಲಿಲ್ಲ. ಮಗ್ಗಗಳನ್ನೆಲ್ಲ ನಿಲ್ಲಿಸಿದ. ತಂಗೆವ್ವನ ಹಿಂದೆ ನಿಂತು ಎರಡು ಸಲ ಅವಳ ಹೆಸರು ಕೂಗಿದ. ಅವಳು ತಿರುಗಲಿಲ್ಲ. ಮೂರನೆಯ ಸಲ ಕೂಗಲಿಲ್ಲ. ಎದುರಿಗೆ ಬಂದು, ನಾಳೆಯಿಂದ ಮನೆಯಲ್ಲಿ ಆರಾಮ ಇರು ಎಂದು ಕೈಸನ್ನೆಯಲ್ಲಿ ಹೇಳಿದ. ಅವಳಿಂದಲೇ ಕಲಿತ ಸನ್ನೆ ಅದು. ಆಮೇಲೆ ಕಿವಿ ಕೇಳದವರು ಇನ್ನೂ ಯಾರಾದರೂ ಇದ್ದೀರಾ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದ.

"ಇಲ್ರಿ," ಎಂದಳು ಮುತ್ತವ್ವ. ಅವನು ನಿಂತಿದ್ದು ಅವಳ ಬಲಕ್ಕೆ.

ಮರುದಿನ ಸಂಜೆ ಅವಳು ತಂಗೆವ್ವನ ಮನೆಗೆ ಹೋದಳು. ಓಣಿ ಸದ್ದಿಲ್ಲದೆ ಇತ್ತು. ಇಬ್ಬರೂ ಚಹಾ ಕುಡಿದರು. ನಾನು ಬರಬೇಕಿತ್ತು ಎಂದು ಮುತ್ತವ್ವ ಕೈಯಲ್ಲಿ ಹೇಳಿದಳು. ತಂಗೆವ್ವ ಬಾಯಲ್ಲೇ ಉತ್ತರ ಕೊಟ್ಟಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಎದುರು ಮನೆಯವರು ಇಣುಕಿ ನೋಡಿದರು.

"ಬರೂದು ಬಿಡೂದು ಅವರವರ ಖುಷಿ ಬೇ. ಹಂಗs ಐತಲ್ಲ ನಮ್ಮ ಕಾನೂನು."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮುತ್ತವ್ವನಿಗೆ ಹಗುರವಾಗುತ್ತಿತ್ತು. ತಂಗೆವ್ವ ಸಂಚಿಯಿಂದ ಹಾಳೆ ತೆಗೆದು, ಬಿಚ್ಚಿ, ದೂರ ಹಿಡಿದು ನೋಡಿದಳು.

"ಖರೆ. ಮಾವಿನಕಾಯಿ ಹಂಗs ಆಗೇತಿ," ಎಂದು ಅದನ್ನು ಮುತ್ತವ್ವನ ಕೈಗೆ ಕೊಟ್ಟಳು.

ಮುಂದಿನ ರಜೆಯ ದಿನ ಮುತ್ತವ್ವ ಅದನ್ನೇ ಗೋಡೆಗೆ ಅಂಟಿಸಿದಳು. ಮಡಿಕೆಯ ಗೆರೆಗಳು ಕಿವಿಯನ್ನು ನಾಲ್ಕು ಭಾಗ ಮಾಡಿದ್ದವು. ಕೆಳಗೆ ಚಾಪೆ ಹಾಸಿ ನಡುವೆ ಕೂತಳು. ಇಬ್ಬರು ಬಂದು ನೋಡಿ, ಮತ್ತೆ ಬುಟ್ಟಾನೇ ಎಂದು ಹೋದರು. ಪಂಢರಪುರದ ಚಾಪೆಯಲ್ಲಿ ಎಲ್ಲರೂ ಬಾಯಿ ಅಗಲಿಸಿ ನಗುತ್ತಿದ್ದರು.

ತುಂಬ ಹೊತ್ತಿನ ಮೇಲೆ ಕಾವ್ಯ ಎದ್ದು ಬಂದಳು. ಮುಂಗೈಗೆ ಪಟ್ಟಿ ಕಟ್ಟಿಕೊಂಡಿದ್ದಳು. ಮುತ್ತವ್ವನ ಎಡಕ್ಕೆ ಕೂತು, ತಲೆ ತಗ್ಗಿಸಿ ಮೆಲ್ಲಗೆ ಏನೋ ಹೇಳತೊಡಗಿದಳು. ಮುತ್ತವ್ವ ಅವಳ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಬಲಗಡೆಯ ಚಾಪೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.