ಓಗೊಟ್ಟ ಮೇಲೆ

ಪ್ರತಿಧ್ವನಿಯೇ ಇರಬೇಕು, ಹೊಸದುರ್ಗದ ಈ ಸಭಾಭವನದ ತಗಡಿನ ಚಾವಣಿಗೆ ಬಡಿದು ನನ್ನ ಕೂಗೇ ನನಗೆ ವಾಪಸು ಬಂದಿರಬೇಕು, ಬೆಳಿಗ್ಗೆ ತಾಲೀಮಿನಲ್ಲಿ ಕೂಗಿದಾಗಲೂ ಹೀಗೇ ಬಂದಿತ್ತೇ, ಇಲ್ಲ, ಬೆಳಿಗ್ಗೆ ಕುರ್ಚಿಗಳೆಲ್ಲ ಖಾಲಿಯಿದ್ದರೂ ಬಂದಿರಲಿಲ್ಲ, ಈಗ ಬಂದದ್ದು — ಓ... — ಕೊನೆಯಲ್ಲಿ ಒಡೆದು, ಒಡೆದ ಮೇಲೂ ಮೇಲಕ್ಕೇ ಎದ್ದು ನಿಂತ ದನಿ, ಪ್ರತಿಧ್ವನಿ ಹಾಗೆ ಒಡೆಯುವುದಿಲ್ಲ, ಹಾಗೆ ಒಡೆಯುವುದು ಒಬ್ಬನದೇ. ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ಬೆಳಕು ನೋಡಿಕೊಳ್ಳುವ ಶಾಕಿರ್ ಈ ದೀಪವನ್ನು ಇನ್ನಷ್ಟು ತಗ್ಗಿಸಬಾರದೇ, ಅಥವಾ ಇನ್ನಷ್ಟು ಏರಿಸಲಿ, ಏನೂ ಕಾಣದ ಹಾಗೆ, ಆದರೆ ಕಾಣುತ್ತಿದೆ, ಕೊನೆಯ ಸಾಲಿನಲ್ಲಿ, ಬಾಗಿಲ ಪರದೆಯ ಪಕ್ಕ ಒಬ್ಬ ಎದ್ದು ನಿಂತಿದ್ದಾನೆ, ಎಡಗೈ ಕಿವಿಯ ಹಿಂದೆ, ಅಂಗೈ ಬಟ್ಟಲಿನಂತೆ ಬಾಗಿ. ಅಪ್ಪ. ಯಾರು ಹೇಳಿದರು ಅವನಿಗೆ, ನಾನು ಹೇಳಿರಲಿಲ್ಲ, ವಿಶ್ವವಿದ್ಯಾಲಯದ ನಾಟಕ ವಿಭಾಗದ ಈ ವರ್ಷದ ಪ್ರಯೋಗಗಳ ಪಟ್ಟಿ ಗೋಡೆಗೆ ಅಂಟಿಸಿದ ದಿನವೇ ನನ್ನ ಕಣ್ಣು ಮೊದಲು ಬಿದ್ದದ್ದು ಈ ಊರಿನ ಹೆಸರಿನ ಮೇಲೆ, ದುರಂತ ನಾಟಕ ಚಿತ್ರದುರ್ಗದಲ್ಲೇ, ಪ್ರಹಸನವೂ ಅಲ್ಲೇ, ಸಂಗೀತ ನಾಟಕ ಮಾತ್ರ ಊರೂರಿಗೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಸಾರ್ ಹೊಸದುರ್ಗದಾಗೆ ಜನ ಬರಲ್ಲ, ರಾಮಗಿರಿಗೆ ಹೋಗಾಣ ಅಂದೆ, ನಾಟಕ ಆಡಿಸುವ ದಯಾನಂದ ಸರ್ ಕನ್ನಡಕದ ಮೇಲಿಂದ ನೋಡಿ ಏನಪ್ಪ ಸುದೀಪ, ನಿನ್ನ ತಾಲ್ಲೂಕಿಗೇ ನೀನು ಬೇಡ ಅಂತೀಯಲ್ಲ, ಅಲ್ಲೇನು ಹೆಣ್ಣು ನೋಡಿ ಬೇಡ ಅಂದು ಬಂದಿದೀಯಾ, ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಗಣ್ಣನೇ ಹೇಳಿರಬೇಕು, ನಮ್ಮ ಹಟ್ಟಿಯ ನಾಗಣ್ಣ, ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ನೋಡಿ ಫೋನ್ ಮಾಡಿದ್ದ, ಲೇ, ಕಂಬಳಿ ಹೊದ್ಕಂಡು ಹಲ್ಲು ಕರ್ರಗೆ ಮಾಡ್ಕಂಡು ನಿಂತೀಯಲ್ಲೋ, ಥೇಟ್ ನಿಮ್ಮಪ್ಪನ ಹಂಗೇ ಅದೀಯ, ನಾನು ಫೋನ್ ಕೆಟ್ಟಿದೆ, ಕೇಳಿಸ್ತಿಲ್ಲ ಅಂದು ಇಟ್ಟೆ.

ಥೇಟ್ ಹಾಗೇ, ಅದೇ ಅಲ್ಲವೇ ಕೆಲಸ, ಮೊದಲ ತಾಲೀಮಿನಲ್ಲಿ ನನಗಿದ್ದದ್ದು ರಾಜಕುಮಾರಿಗೆ ದಾರಿ ತೋರಿಸುವ ಪೆದ್ದ ಕುರಿಗಾಹಿಯ ನಾಕು ಮಾತು, ಸರ್ ಹೇಳಿದರು ನಡಿಗೆ ಹುಡುಕು, ನಡಿಗೆ ಇಲ್ಲದ ಪಾತ್ರ ಹೆಣ, ನಾನು ಹುಡುಕಲೇ ಇಲ್ಲ, ಕಾಲು ತಾನೇ ಹೋಯಿತು, ಟಗರು ಗುದ್ದಿದ ಅಪ್ಪನ ಮಂಡಿಯ ಹಾಗೆ ನನ್ನ ಬಲ ಮಂಡಿ ಹೊರಕ್ಕೆ ಬಾಗಿ, ಪಾದ ನೆಲ ಗೀರುತ್ತ, ನಿಂತಲ್ಲೊಮ್ಮೆ ಗಂಟಲು ಕ್ಯಾಕರಿಸಿ, ರುಮಾಲಿನೊಳಗೆ ಬೆರಳು ತೂರಿಸಿ ಕೆರೆದು ಆ ಬೆರಳನ್ನೇ ಒಮ್ಮೆ ನೋಡಿಕೊಂಡು — ರಾಜಕುಮಾರಿಯ ಪಾತ್ರದ ಕೀರ್ತನಾ ನಕ್ಕೂ ನಕ್ಕೂ ನೆಲಕ್ಕೆ ಕುಳಿತಳು, ಸಾಕು ಮಾರಾಯ, ಹೊಟ್ಟೆ ನೋಯ್ತೈತೆ. ಎಲ್ಲಿ ಹಿಡಿದೆಯೋ ಇದನ್ನ, ಸರ್ ಕೇಳಿದರು. ಫೀಲ್ಡ್‌ವರ್ಕ್ ಸಾರ್, ರಾಮಗಿರಿ ಹತ್ರ ಒಬ್ಬ ಮುದುಕ. ಬಾಯಿಂದ ಅಷ್ಟು ಸಲೀಸಾಗಿ ಬಂತು, ಒಬ್ಬ ಮುದುಕ. ಮೊದಲ ವರ್ಷ ನಿಮ್ಮಪ್ಪ ಏನು ಮಾಡ್ತಾರಪ್ಪ ಅಂದಾಗ ಕೃಷಿ ಸಾರ್ ಅಂದಿದ್ದೆ, ಅದು ಪೂರ್ತಿ ಸುಳ್ಳಲ್ಲ, ಎರಡೆಕರೆ ರಾಗಿ ಹೊಲ ಐತೆ, ಆದರೆ ಇದು. ಆಮೇಲೆ ಬೆಳೆಯುತ್ತ ಹೋಯಿತು, ಹಿರಿಯೂರಿನಲ್ಲಿ ಅಪ್ಪ ಉಣ್ಣುವ ರೀತಿ ಸೇರಿಸಿದೆ, ಹೊಳಲ್ಕೆರೆಯಲ್ಲಿ ಅಪ್ಪ ಮೈಕಿಗೆ ಹೆದರುವ ರೀತಿ, ಸೊಸೈಟಿಯ ಸಭೆಯಲ್ಲಿ ಒಮ್ಮೆ ಮೈಕನ್ನು ಹಾವಿನ ಹಾಗೆ ದೂರ ಹಿಡಿದಿದ್ದನಲ್ಲ, ಜನ ಚಪ್ಪಾಳೆ ಹೊಡೆದರು, ಆಟ ಮುಗಿದ ಮೇಲೆ ಮಕ್ಕಳು ರಸ್ತೆಯಲ್ಲಿ ಮಂಡಿ ಬಾಗಿಸಿಕೊಂಡು ಅಪ್ಪನ ಹಾಗೇ ನಡೆಯುತ್ತ ಮನೆಗೆ ಹೋದರು, ನನಗೆ ಖುಷಿಯಾಗಿತ್ತು, ಖುಷಿಯಾಗಿತ್ತಲ್ಲ. ಇವತ್ತೂ ಎಲ್ಲವನ್ನೂ ಮಾಡಿದೆ, ಬೆರಳು ನೋಡಿಕೊಂಡೆ, ಕ್ಯಾಕರಿಸಿದೆ, ಅವನು ಆಗಿನಿಂದಲೂ ಅಲ್ಲೇ ಕುಳಿತಿದ್ದನೇ, ಸುತ್ತ ಜನ ನಗುವಾಗ ಅವನೂ ನಕ್ಕನೇ, ಪಕ್ಕದವನು ಅವನ ಮಂಡಿ ನೋಡಿದನೇ. ಆಮೇಲೆ ಕೂಗಿದೆ.

ಕೂಗಬಾರದಿತ್ತು, ಅಜ್ಜಿ ಹೇಳಿದ್ದಳು, ಚಿತ್ತಮ್ಮಜ್ಜಿ, ಅದನ್ನ ಆಟಕ್ಕೆ ಕೂಗಬ್ಯಾಡ ಕಣ್ಲಾ, ಅದು ಆಟದ್ದಲ್ಲ. ತೋಳ ಬಿದ್ದು ಹಿಂಡು ಒಡೆದಾಗ ಒಂಟಿಯಾದವನು ಕೂಗುವ ಕೂಗು ಅದು, ಕೇಳಿದವನು ಉಣ್ಣುತ್ತಿದ್ದರೂ ಎದ್ದು ನಿಂತು ಓಗೊಡಬೇಕು, ಆಮೇಲೆ ಕೂಗಿದವನು ಅಪ್ಪನ ಹೆಸರು, ಊರಿನ ಹೆಸರು ಹೇಳಬೇಕು, ಯಾರ ಮಗ, ಯಾರ ಕುರಿ, ಯಾವ ಕಡೆಗೆ ಓಡಬೇಕು ಅಂತ ಗೊತ್ತಾಗಬೇಕಲ್ಲ, ಆ ಹೆಸರು ಕಿವಿಗೆ ಬೀಳುವ ತನಕ ಓಗೊಟ್ಟವನು ಕೂರುವ ಹಾಗಿಲ್ಲ. ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಮರಿಗಳ ಹಿಂದೆ ಹೋಗಿ ನಾನು ಗುಡ್ಡದ ಆಚೆಗೆ ತಪ್ಪಿಸಿಕೊಂಡೆ, ತೋಳ ಬಂದಿರಲಿಲ್ಲ, ಕತ್ತಲು ಬರುತ್ತಿತ್ತು ಅಷ್ಟೇ, ಅಳುತ್ತ ಕೂಗಿದೆ, ಎಲ್ಲಿಂದಲೋ ಈ ಒಡೆದ ಓ ಬಂತು, ಗೊಲ್ಲಪ್ಪನ ಮಗಾ, ಮಾಡದಕೆರೇ ಅಂತ ಉಸಿರು ಕಟ್ಟಿ ಹೇಳಿದೆ, ಯಾವ ಗೊಲ್ಲಪ್ಪನ್ಲಾ, ಇಲ್ಲಿ ನಾನೂ ಒಬ್ಬ ಗೊಲ್ಲಪ್ಪ ಅದೀನಿ, ಅನ್ನುತ್ತ ಅಪ್ಪ ಬಂಡೆಯ ಮೇಲಿಂದ ನಗುತ್ತ ಇಳಿದು ಬಂದ, ಮಂಡಿ ಆಗ ನೆಟ್ಟಗಿತ್ತು. ನನ್ನ ದನಿ ಅವನಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಆದರೂ ಹೆಸರು ಬರುವ ತನಕ ಕಿವಿಯ ಹಿಂದಿನ ಕೈ ಇಳಿಸಿರಲಿಲ್ಲ.

ಈಗ ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ಇದೂ ನಾಟಕದ್ದೇ ಅಂದುಕೊಂಡಿದ್ದಾರೆ, ಪ್ರೇಕ್ಷಕರ ನಡುವೆ ಒಬ್ಬನನ್ನು ಕೂರಿಸಿ ಓಗೊಡಿಸಿದ್ದಾರೆ ಅಂತ, ಬಾಗಿಲ ಹತ್ತಿರದವನೊಬ್ಬ ಯಜಮಾನ್ರೇ, ಕುಂತ್ಕಳ್ರಿ, ಹಿಂದಿನವ್ರಿಗೆ ಕಾಣಾಕಿಲ್ಲ ಅನ್ನುತ್ತಿದ್ದಾನೆ, ಹಿಂದೆ ಯಾರೂ ಇಲ್ಲ, ಕಂಬಳಿ ಹಿಡಿದು ಎಳೆಯುತ್ತಿದ್ದಾನೆ, ಅಪ್ಪ ಕೂರುವುದಿಲ್ಲ, ನಾಟಕ ಅಂತ ಅವನಿಗೆ ಗೊತ್ತಿಲ್ಲದೆ ಏನಿಲ್ಲ, ಎಷ್ಟು ಬಯಲಾಟ ನೋಡಿದ್ದಾನೆ, ಆದರೆ ಕೂಗು ಕೂಗೇ. ಕೀರ್ತನಾ ನನ್ನ ಕಡೆ ನೋಡುತ್ತಾಳೆ, ನಾನು ಮಾತು ಮರೆತೆ ಅಂದುಕೊಂಡಿದ್ದಾಳೆ, ಪಾಪ, ಕಾಪಾಡಲು ನೋಡುತ್ತಾಳೆ, ಸೆರಗು ಸರಿಮಾಡಿಕೊಂಡು, ನಾಟಕದಲ್ಲಿಲ್ಲದ ಮಾತು — ಎಲೈ ಕುರಿಗಾಹಿಯೇ, ಅಲ್ಲಿ ಓಗೊಟ್ಟವರು ಯಾರಪ್ಪಾ, ನಿಮ್ಮವರೇ? ಚಪ್ಪಾಳೆ ನಿಂತಿತು. ಫ್ಯಾನಿನ ಸದ್ದು, ಯಾರದೋ ಮಗು ಚೀಪುವ ಸದ್ದು, ಬಾಯಿ ತೆರೆದೆ, ಗೊ ಅನ್ನುವ ಅಕ್ಷರಕ್ಕೆ ನಾಲಿಗೆ ಹಿಂದಕ್ಕೆ ಹೋಯಿತು, ಸೈಡ್ ವಿಂಗಿನಲ್ಲಿ ದಯಾನಂದ ಸರ್, ಮೊದಲ ಸಾಲಿನಲ್ಲಿ ವಿಭಾಗದ ಮೇಷ್ಟ್ರುಗಳು, ರಾಮಗಿರಿ ಹತ್ರ ಒಬ್ಬ ಮುದುಕ — ನಾನು ಮಂಡಿ ಇನ್ನಷ್ಟು ಬಾಗಿಸಿ, ರುಮಾಲು ಕೆರೆದು, ಯಾರೋ ದಾರಿ ತಪ್ಪಿದ ಮುದುಕ ಕಣ್ರವ್ವಾ, ಕುರಿಗಿಂತ ಕಡೆ, ಅಂದೆ.

ಸಿಳ್ಳೆ, ಚಪ್ಪಾಳೆ, ಸರ್ ವಿಂಗಿನಿಂದ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಾರೆ, ಇದನ್ನೂ ಇಟ್ಕೋ ಅಂತ ತುಟಿ ಆಡಿಸುತ್ತಿದ್ದಾರೆ, ಹಾರ್ಮೋನಿಯಂ ಶುರುವಾಯಿತು, ಮೇಳದವರು ಬಂದು ಸುತ್ತ ನಿಂತರು, ನಾನು ಅವರ ನಡುವೆ ಕುಣಿಯಬೇಕು, ನೆಟ್ಟಗೆ ಕುಣಿಯಲು ನೋಡಿದೆ, ಒಂದು ಸುತ್ತಾದರೂ ನನ್ನ ಕಾಲಲ್ಲೇ, ಆಗಲಿಲ್ಲ, ಮಂಡಿ ತಾನೇ ಹೊರಕ್ಕೆ ಹೋಯಿತು, ಜನ ನಕ್ಕರು, ಹಾಡಿನ ನಡುವೆ ಎಲ್ಲರೂ ಉಸಿರೆಳೆದುಕೊಳ್ಳುವ ಒಂದು ಜಾಗವಿದೆ, ಅಲ್ಲಿ ಹೇಳಬಹುದು, ಎರಡೇ ಮಾತು, ಅವನು ಕೂರುತ್ತಾನೆ, ಆ ಜಾಗ ಬಂತು, ನಾನೂ ಎಲ್ಲರ ಜೊತೆ ಉಸಿರೆಳೆದುಕೊಂಡೆ, ಹಾಡು ಮುಂದೆ ಹೋಯಿತು. ಬಾಗಿಲ ಹತ್ತಿರದವನು ಬೇಸತ್ತು ಕಂಬಳಿ ಬಿಟ್ಟಿದ್ದಾನೆ. ಮುಂದಿನ ಸಾಲುಗಳು ನಗುತ್ತಿವೆ, ದೀಪ ಬಣ್ಣ ಬದಲಿಸುತ್ತಿದೆ, ಕೆಂಪಿನಲ್ಲೂ ಆ ಕೈ, ನೀಲಿಯಲ್ಲೂ ಆ ಕೈ, ಕಿವಿಯ ಹಿಂದೆ, ಬಟ್ಟಲಿನಂತೆ ಬಾಗಿ, ಇನ್ನೂ ಇಳಿದಿಲ್ಲ, ಇನ್ನೂ — ಆ ಕೈ.

ಗೊಲ್ಲಪ್ಪನ ಮಗ, ಮಾಡದಕೆರೆ ಅಂತ ನಾನು ಹೇಳಲಿಲ್ಲ.